ಸ್ಪ್ರಿಂಟ್ ಟ್ರಯಥ್ಲಾನ್

ಸ್ಪ್ರಿಂಟ್ ಟ್ರಯಥ್ಲಾನ್ ಎಂಬುದು ಈಜು, ಸೈಕಲ್ ಸವಾರಿ ಮತ್ತು ಓಟಗಳನ್ನು ನಡುವೆ ವಿರಾಮವಿಲ್ಲದೆ ಒಂದರ ಬೆನ್ನಿಗೆ ಒಂದರಂತೆ ಪೂರೈಸಬೇಕಾದ ಟ್ರಯಥ್ಲಾನ್ ಕ್ರೀಡೆಯ ಕಿರುದೂರದ ಪ್ರಕಾರ. ಇದರ ಪ್ರಮಾಣಿತ ದೂರಗಳು 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್ ಸವಾರಿ ಮತ್ತು 5 ಕಿಲೋಮೀಟರ್ ಓಟ. ಈಜು ಆರಂಭವಾದ ಕ್ಷಣದಿಂದ ಓಟದ ಅಂತಿಮ ಗೆರೆಯವರೆಗೆ ಗಡಿಯಾರ ನಿಲ್ಲುವುದಿಲ್ಲ. ಪಾದರಕ್ಷೆ ಬದಲಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತದೆ. ಹವ್ಯಾಸಿಗಳಲ್ಲಿ ಹೆಚ್ಚಿನವರು ಈ ಕ್ರೀಡೆಯನ್ನು ಪ್ರವೇಶಿಸುವುದು ಇದೇ ಪ್ರಕಾರದ ಮೂಲಕ. ಈಜಿನ ಭಾಗವು ಕೊಳ, ಸರೋವರ, ನದಿ ಅಥವಾ ಸಮುದ್ರದಲ್ಲಿ ನಡೆಯಬಹುದು. ಇವುಗಳಲ್ಲಿ ಹೊಸಬರಿಗೆ ಅತ್ಯಂತ ಅಪರಿಚಿತವಾದದ್ದು ಸಮುದ್ರ. ಆದ್ದರಿಂದ ಈ ಲೇಖನವು ಕಡಲತೀರದ ಸ್ಪರ್ಧೆಗಳಿಗೂ ಅವುಗಳಲ್ಲಿ ಹವ್ಯಾಸಿಗಳು ಎದುರಿಸುವ ಸಂಗತಿಗಳಿಗೂ ಹೆಚ್ಚಿನ ಗಮನ ನೀಡುತ್ತದೆ.

ಹೆಸರು ಮತ್ತು ದೂರಗಳು

‘ಟ್ರಯಥ್ಲಾನ್’ ಪದವು ಗ್ರೀಕ್ ಮೂಲದ್ದು. ‘ಮೂರು’ ಮತ್ತು ‘ಸ್ಪರ್ಧೆ’ ಎಂಬ ಅರ್ಥಗಳ ಎರಡು ಪದಗಳಿಂದ ರೂಪುಗೊಂಡಿದೆ. ಒಲಿಂಪಿಕ್ ದೂರವೆಂದು ಪ್ರಸಿದ್ಧವಾಗಿರುವ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್ ಹಾಗೂ 10 ಕಿ.ಮೀ. ಓಟದ ಸರಿಯಾಗಿ ಅರ್ಧವೇ ಸ್ಪ್ರಿಂಟ್. ಇದಕ್ಕಿಂತ ದೀರ್ಘವಾದ ಐರನ್‌ಮ್ಯಾನ್ ದೂರದಲ್ಲಿ ಸುಮಾರು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್ ಮತ್ತು 42.2 ಕಿ.ಮೀ. ಓಟವಿದ್ದು, ಅದರ ಅರ್ಧದೂರದ ಸ್ಪರ್ಧೆಯೂ ಜನಪ್ರಿಯವಾಗಿದೆ.

ಸ್ಪ್ರಿಂಟ್ ಎಂಬ ಹೆಸರು ಒಂದಿಷ್ಟು ದಾರಿ ತಪ್ಪಿಸುವಂಥದ್ದು. ಮೈದಾನದಲ್ಲಿ ಸ್ಪ್ರಿಂಟ್ ಎಂದರೆ ಕೆಲವೇ ಸೆಕೆಂಡುಗಳ ಓಟ. ಇಲ್ಲಿ ಅಗ್ರಶ್ರೇಣಿಯ ಸ್ಪರ್ಧಿಗಳೂ ಒಂದು ಗಂಟೆಯಷ್ಟು ಕಾಲ ಶ್ರಮಿಸುತ್ತಾರೆ. ಹವ್ಯಾಸಿಗಳಿಗೆ ಸಾಮಾನ್ಯವಾಗಿ ಒಂದೂಕಾಲು ಗಂಟೆಯಿಂದ ಎರಡು ಗಂಟೆ ಬೇಕಾಗುತ್ತದೆ. ಒಟ್ಟು 25.75 ಕಿ.ಮೀ. ದೂರದಲ್ಲಿ ಈಜಿನ ಪಾಲು ಶೇಕಡಾ 3ಕ್ಕಿಂತಲೂ ಕಡಿಮೆ. ಆದರೆ ಸ್ಪರ್ಧೆಗೆ ಹೆಸರು ನೋಂದಾಯಿಸುವ ಹೊಸಬರನ್ನು ಹಿಂಜರಿಯುವಂತೆ ಮಾಡುವುದೂ, ಮುಂದೆ ವಿವರಿಸಿರುವಂತೆ ಜೀವಾಪಾಯಗಳು ಹೆಚ್ಚಾಗಿ ಸಂಭವಿಸುವುದೂ ಈ ಚಿಕ್ಕ ಪಾಲಿನಲ್ಲಿಯೇ.

ಇತಿಹಾಸ

ಫ್ರಾನ್ಸಿನಲ್ಲಿ 1920ರ ದಶಕದಲ್ಲಿಯೇ ಮೂರು ಕ್ರೀಡೆಗಳನ್ನು ಒಟ್ಟುಗೂಡಿಸಿದ ಸ್ಪರ್ಧೆಗಳು ನಡೆದಿದ್ದವು. ಆದರೆ ಆಧುನಿಕ ಟ್ರಯಥ್ಲಾನ್‌ನ ಆರಂಭವನ್ನು 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ಎಂಬ ಕೊಲ್ಲಿಯ ದಂಡೆಯಲ್ಲಿ ನಡೆದ ಸ್ಪರ್ಧೆಯಿಂದ ಗುರುತಿಸಲಾಗುತ್ತದೆ. ಸ್ಯಾನ್ ಡಿಯಾಗೊ ಟ್ರ್ಯಾಕ್ ಕ್ಲಬ್‌ನ ಸದಸ್ಯರಾದ ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶನಹಾನ್ ಅದನ್ನು ರೂಪಿಸಿದರು. ಓಟಗಾರರ ಏಕತಾನದ ಅಭ್ಯಾಸಕ್ಕೆ ಬದಲಾವಣೆ ತರುವಂಥ ಒಂದು ವಾರದ ದಿನದ ಸಂಜೆಯ ಸ್ಪರ್ಧೆಯಾಗಿದ್ದ ಅದರಲ್ಲಿ 46 ಮಂದಿ ಪಾಲ್ಗೊಂಡರು. ಓಟ ಸುಮಾರು 6 ಮೈಲಿ, ಸೈಕಲ್ ಸವಾರಿ 5 ಮೈಲಿ, ಈಜು 500 ಗಜ. ಅಂದರೆ ಕ್ರೀಡೆಯು ಹುಟ್ಟಿದ್ದೇ ಹವ್ಯಾಸಿಗಳಿಗಾಗಿ ಕಡಲತಡಿಯಲ್ಲಿ ನಡೆದ ಕಿರುದೂರದ ಸ್ಪರ್ಧೆಯಾಗಿ; ಐರನ್‌ಮ್ಯಾನ್‌ನಂಥ ದೀರ್ಘ ಸ್ಪರ್ಧೆಗಳು ಆ ಬಳಿಕ ಬಂದವು. ಆ ಸಂಜೆ ಕೊನೆಯ ಈಜುಗಾರರು ದಡ ಸೇರುವ ಹೊತ್ತಿಗೆ ಕತ್ತಲಾಗಿದ್ದು, ಅವರಿಗೆ ದಾರಿ ಕಾಣಲೆಂದು ಕಾರುಗಳ ದೀಪಗಳನ್ನು ನೀರಿನತ್ತ ಹಾಯಿಸಲಾಗಿತ್ತು.

ಅಲ್ಲಿ ಸ್ಪರ್ಧಿಸಿದ್ದ ಜಾನ್ ಕಾಲಿನ್ಸ್ ಮತ್ತು ಜೂಡಿ ಕಾಲಿನ್ಸ್ ದಂಪತಿ 1978ರ ಫೆಬ್ರವರಿ 18ರಂದು ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ಸ್ಪರ್ಧೆಯನ್ನು ನಡೆಸಿದರು. 15 ಮಂದಿ ಆರಂಭಿಸಿದ ಆ ಸ್ಪರ್ಧೆಯನ್ನು 12 ಮಂದಿ ಪೂರ್ಣಗೊಳಿಸಿದರು. ಅದರಲ್ಲಿ ಈಜು ಮೊದಲಿಗೆ ಬಂದಿತ್ತು, ಮುಂದೆ ಎಲ್ಲೆಡೆ ಇದೇ ಕ್ರಮ ನೆಲೆನಿಂತಿತು. ದಣಿದ ದೇಹದೊಂದಿಗೆ ನೀರಿಗಿಳಿಯುವುದಕ್ಕಿಂತ ಚೈತನ್ಯವಿರುವಾಗಲೇ ನೀರನ್ನು ದಾಟಿಬಿಡುವುದು ಸುರಕ್ಷಿತ ಎಂಬ ಸರಳ ವಿವೇಕ ಈ ಕ್ರಮದ ಹಿಂದಿದೆ.

ಅಂತರರಾಷ್ಟ್ರೀಯ ಟ್ರಯಥ್ಲಾನ್ ಒಕ್ಕೂಟವು 1989ರಲ್ಲಿ ಫ್ರಾನ್ಸಿನ ಅವಿನ್ಯೊನ್ ನಗರದಲ್ಲಿ ಸ್ಥಾಪನೆಯಾಯಿತು. ಇದು 2020ರಲ್ಲಿ ‘ವರ್ಲ್ಡ್ ಟ್ರಯಥ್ಲಾನ್’ ಎಂಬ ಹೆಸರನ್ನು ಪಡೆಯಿತು. ಟ್ರಯಥ್ಲಾನ್ 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಒಲಿಂಪಿಕ್ ಕ್ರೀಡೆಯಾಗಿದೆ. ಸ್ಪ್ರಿಂಟ್ ದೂರವನ್ನು 2018ರ ಗೋಲ್ಡ್ ಕೋಸ್ಟ್ ಮತ್ತು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟಗಳ ವೈಯಕ್ತಿಕ ಸ್ಪರ್ಧೆಗಳಲ್ಲಿ ಬಳಸಲಾಯಿತು.

ಸಮುದ್ರದ ಈಜು

ಹವ್ಯಾಸಿಗಳಲ್ಲಿ ಬಹುತೇಕರು ಈಜು ಕಲಿಯುವುದು ಕೊಳದಲ್ಲಿ. 25 ಮೀಟರ್ ಉದ್ದದ ಕೊಳದಲ್ಲಿ 750 ಮೀಟರ್ ಎಂದರೆ 30 ಸುತ್ತು. ಪ್ರತಿ ಸುತ್ತಿನ ಕೊನೆಯಲ್ಲಿ ಗೋಡೆಯನ್ನು ಒದ್ದು ಮುಂದಕ್ಕೆ ಜಾರುವ ಅವಕಾಶವಿದ್ದು, ಆ ಕ್ಷಣದಲ್ಲಿ ತೋಳುಗಳಿಗೆ ಅಲ್ಪ ವಿಶ್ರಾಂತಿ ಸಿಗುತ್ತದೆ. ನೇರವಾಗಿ ಸಾಗಲು ತಳದಲ್ಲಿ ಗೆರೆ ಎಳೆದಿರುತ್ತದೆ. ಸಮುದ್ರದಲ್ಲಿ ಗೋಡೆಯೂ ಇಲ್ಲ, ಗೆರೆಯೂ ಇಲ್ಲ. ಮರಳು ಕದಡಿದ ನೀರಿನಲ್ಲಿ ತನ್ನದೇ ಅಂಗೈ ಕಾಣದಿರುವುದೂ ಉಂಟು. ಹೀಗಾಗಿ ಕೆಲವು ಬೀಸುಗಳಿಗೊಮ್ಮೆ ತಲೆಯನ್ನು ತುಸು ಮೇಲೆತ್ತಿ, ಮಾರ್ಗ ಸೂಚಿಸುವ ತೇಲುಗುರುತುಗಳನ್ನು ನೋಡಿಕೊಳ್ಳುವ ಅಭ್ಯಾಸ ಅನಿವಾರ್ಯ. ಇದನ್ನು ರೂಢಿಸಿಕೊಳ್ಳದವರು ಅಂಕುಡೊಂಕಾಗಿ ಸಾಗಿ, 750 ಮೀಟರ್‌ಗಿಂತ ಸಾಕಷ್ಟು ಹೆಚ್ಚು ದೂರವನ್ನು ಈಜಿರುತ್ತಾರೆ. ಪಕ್ಕದಿಂದ ಬರುವ ಪ್ರವಾಹವಿದ್ದರೆ ತಪ್ಪು ಇನ್ನಷ್ಟು ಬೆಳೆಯುತ್ತದೆ.

ದಡದಿಂದ ಹೊರಡುವಾಗ ಮೊದಲ ಅಡ್ಡಿ ಮುರಿಯುವ ಅಲೆಗಳು. ಸೊಂಟದ ಮಟ್ಟದ ನೀರಿನವರೆಗೆ ಕಾಲೆತ್ತಿ ಹಾಕುತ್ತ ನಡೆದು, ನಂತರ ಎದುರಾಗುವ ಅಲೆಯ ಕೆಳಗೆ ಮುಳುಗಿ ಆಚೆ ಏಳುವುದು ವಾಡಿಕೆಯ ಕ್ರಮ. ಅಲೆಗೆ ಎದೆಯೊಡ್ಡಿ ನಿಂತವರನ್ನು ಅದು ಹಿಂದಕ್ಕೆ ಎಸೆಯುತ್ತದೆ. ಅಲೆಗಳ ಸಾಲು ದಾಟಿದ ಮೇಲೆ ಸಮುದ್ರವು ಒಂದು ಅನುಕೂಲವನ್ನೂ ಮಾಡಿಕೊಡುತ್ತದೆ: ಉಪ್ಪುನೀರಿನ ಸಾಂದ್ರತೆ ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಹೆಚ್ಚಿರುವುದರಿಂದ ದೇಹ ಸುಲಭವಾಗಿ ತೇಲುತ್ತದೆ.

ಆರಂಭದ ಕೆಲವು ನಿಮಿಷಗಳಲ್ಲಿ ಅಕ್ಕಪಕ್ಕದವರ ಕೈಕಾಲುಗಳು ತಾಗುವುದು, ಕನ್ನಡಕ ಸರಿಯುವುದು, ಒಂದು ಗುಟುಕು ನೀರು ಒಳಹೋಗುವುದು ಸಾಮಾನ್ಯ. ಇವುಗಳಿಗಿಂತ ತೊಂದರೆ ಕೊಡುವುದು ಇವುಗಳಿಂದ ಹುಟ್ಟುವ ಗಾಬರಿ. ಗಾಬರಿಯಾದವರ ಉಸಿರಾಟ ಚುರುಕಾಗಿ ಮೇಲ್ಮೇಲಿನದಾಗುತ್ತದೆ, ಉಸಿರನ್ನು ಪೂರ್ಣವಾಗಿ ಹೊರಬಿಡಲಾಗದೆ ಎದೆ ಬಿಗಿಯುತ್ತದೆ. ಕೊಳದಲ್ಲಿ ಒಂದು ಗಂಟೆ ಈಜಬಲ್ಲವರೂ ನೂರು ಮೀಟರಿನಲ್ಲೇ ಸೋತುಹೋಗುವುದು ಹೀಗೆ. ನಿಯಮಗಳು ಇಂಥ ಸಂದರ್ಭಕ್ಕೆ ಅವಕಾಶ ಇಟ್ಟುಕೊಂಡಿವೆ. ಸ್ಪರ್ಧಿಯು ಯಾವ ಶೈಲಿಯಲ್ಲಿ ಬೇಕಾದರೂ ಈಜಬಹುದು, ಅಂಗಾತ ಮಲಗಿ ತೇಲಬಹುದು, ತಳ ಸಿಕ್ಕರೆ ನಿಲ್ಲಬಹುದು. ತೇಲುಗುರುತನ್ನೋ ನಿಂತಿರುವ ದೋಣಿಯನ್ನೋ ಹಿಡಿದು ದಣಿವಾರಿಸಿಕೊಳ್ಳಬಹುದು. ಅದರ ನೆರವಿನಿಂದ ಮುಂದೆ ಸಾಗಬಾರದು ಎಂಬುದಷ್ಟೇ ಷರತ್ತು. ಸಹಾಯ ಬೇಕಾದವರು ಒಂದು ಕೈಯನ್ನು ಮೇಲೆತ್ತಬೇಕು. ಇವುಗಳಲ್ಲಿ ಯಾವುದೂ ಅನರ್ಹತೆಗೆ ಕಾರಣವಲ್ಲ ಎಂಬುದನ್ನು ತಿಳಿಯದೆ ಕಷ್ಟಪಡುವ ಹೊಸಬರು ಅನೇಕರಿದ್ದಾರೆ.

ತಣ್ಣೀರಿನಲ್ಲಿ ಬಳಸುವ ವೆಟ್‌ಸೂಟ್ ಎಂಬ ರಬ್ಬರಿನ ಉಡುಪು ದೇಹವನ್ನು ಬೆಚ್ಚಗಿಡುವುದರ ಜೊತೆಗೆ ತೇಲಿಸುತ್ತದೆ. ಆದ್ದರಿಂದ ನೀರಿನ ಉಷ್ಣತೆಗೆ ಅನುಸಾರವಾಗಿ ಅದರ ಬಳಕೆಯನ್ನು ನಿಯಂತ್ರಿಸಲಾಗಿದೆ. ವರ್ಲ್ಡ್ ಟ್ರಯಥ್ಲಾನ್ ನಿಯಮಗಳಂತೆ ಈ ದೂರದ ವಯೋವರ್ಗ ಸ್ಪರ್ಧೆಗಳಲ್ಲಿ 22 ಡಿಗ್ರಿ ಸೆಲ್ಸಿಯಸ್ ಮತ್ತು ಅದಕ್ಕೂ ಹೆಚ್ಚಿನ ಉಷ್ಣತೆಯಲ್ಲಿ ಇದು ನಿಷಿದ್ಧ. ಭಾರತದ ಪಶ್ಚಿಮ ಕರಾವಳಿಯ ಬೆಚ್ಚನೆಯ ನೀರಿನಲ್ಲಿ ಇದರ ಪ್ರಶ್ನೆಯೇ ಬರುವುದಿಲ್ಲ.

ಬದಲಾವಣೆ ವಲಯ

ಈಜಿನಿಂದ ಸೈಕಲಿಗೆ, ಸೈಕಲಿನಿಂದ ಓಟಕ್ಕೆ ಹೊರಳುವ ಸ್ಥಳವನ್ನು ಟ್ರಾನ್ಸಿಷನ್ ಅಥವಾ ಬದಲಾವಣೆ ವಲಯ ಎನ್ನುತ್ತಾರೆ. ಮಲಗಿದ ಭಂಗಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕಳೆದ ದೇಹ ಒಮ್ಮೆಲೇ ಎದ್ದು ಮರಳಿನಲ್ಲಿ ಓಡತೊಡಗಿದಾಗ ರಕ್ತವು ಕಾಲುಗಳತ್ತ ಇಳಿದು ತಲೆ ಸುತ್ತುವುದು ಸಹಜ. ಒದ್ದೆಯಾದ ಪಾದಕ್ಕೆ ಅಂಟಿದ ಮರಳು ಬೂಟಿನೊಳಗೆ ಸೇರಿದರೆ ಮುಂದಿನ ಒಂದು ಗಂಟೆಯಲ್ಲಿ ಬೊಬ್ಬೆ ಏಳುತ್ತದೆ. ಹೀಗಾಗಿ ಅನುಭವಿಗಳು ಸೈಕಲಿನ ಪಕ್ಕದಲ್ಲಿ ಒಂದು ಟವೆಲು ಮತ್ತು ಒಂದು ಬಾಟಲಿ ಸಿಹಿನೀರನ್ನು ಇರಿಸಿಕೊಳ್ಳುತ್ತಾರೆ. ಸೈಕಲನ್ನು ಕಟ್ಟೆಯಿಂದ ತೆಗೆಯುವ ಮೊದಲೇ ಶಿರಸ್ತ್ರಾಣ ಧರಿಸಿ ಅದರ ಪಟ್ಟಿಯನ್ನು ಬಿಗಿದಿರಬೇಕು. ವಲಯದೊಳಗೆ ಸೈಕಲ್ ತುಳಿಯುವಂತಿಲ್ಲ, ಗುರುತಿಸಿದ ಗೆರೆ ದಾಟಿದ ಮೇಲಷ್ಟೇ ಏರಬೇಕು.

ಸೈಕಲ್ ಮತ್ತು ಓಟ

ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಹಲವೆಡೆ ಡ್ರಾಫ್ಟಿಂಗ್, ಅಂದರೆ ಮುಂದಿನ ಸವಾರನ ಬೆನ್ನಿಗೆ ಅಂಟಿಕೊಂಡು ಗಾಳಿಯ ಮರೆಯಲ್ಲಿ ಸಾಗುವುದು, ನಿಷಿದ್ಧ. ಅಂಥಲ್ಲಿ ಪ್ರತಿಯೊಬ್ಬರೂ ಗಾಳಿಯನ್ನು ಸ್ವತಃ ಎದುರಿಸಬೇಕು. ಕಡಲತೀರದ ರಸ್ತೆಗಳು ಏರುತಗ್ಗಿಲ್ಲದೆ ಸಪಾಟಾಗಿ ಕಂಡರೂ ಅಲ್ಲಿನ ಏರು ಗಾಳಿಯದೇ. ಹೊತ್ತು ಏರಿದಂತೆ ನೆಲ ಕಾದು, ಕಡಲಿನಿಂದ ದಡದತ್ತ ಗಾಳಿ ಬೀಸತೊಡಗುತ್ತದೆ. ದಂಡೆಗೆ ಸಮಾನಾಂತರವಾದ ರಸ್ತೆಯಲ್ಲಿ ಅದು ಪಕ್ಕದಿಂದ ತಳ್ಳುತ್ತದೆ. ಸ್ಪರ್ಧೆಗಳು ಮುಂಜಾನೆಯೇ ಆರಂಭವಾಗಲು ಬಿಸಿಲಿನೊಂದಿಗೆ ಇದೂ ಒಂದು ಕಾರಣ. ಉಪ್ಪಿನ ಗಾಳಿ ಸರಪಳಿಗೆ ಬೇಗ ತುಕ್ಕು ಹಿಡಿಸುವುದರಿಂದ ಸ್ಪರ್ಧೆ ಮುಗಿದ ದಿನವೇ ಸೈಕಲನ್ನು ಸಿಹಿನೀರಿನಲ್ಲಿ ತೊಳೆದು ಎಣ್ಣೆ ಹಾಕಬೇಕಾಗುತ್ತದೆ.

ಸೈಕಲಿನಿಂದ ಇಳಿದು ಓಡಲು ತೊಡಗಿದಾಗ ಕಾಲುಗಳು ತನ್ನವಲ್ಲವೇನೋ ಎಂಬಂತೆ ಮರಗಟ್ಟಿ ಭಾರವಾಗುತ್ತವೆ. ಇದು ಮೊದಲ ಒಂದು ಕಿಲೋಮೀಟರಿನಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಅಭ್ಯಾಸದ ದಿನಗಳಲ್ಲಿ ಸೈಕಲ್ ಸವಾರಿಯ ಬೆನ್ನಿಗೇ ಸ್ವಲ್ಪ ದೂರ ಓಡುವುದರಿಂದ ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ. ಇಂಥ ಜೋಡಿ ಅಭ್ಯಾಸಕ್ಕೆ ‘ಬ್ರಿಕ್’ ಎಂಬ ಹೆಸರಿದೆ. ಕರಾವಳಿಯ ತೇವಭರಿತ ಗಾಳಿಯಲ್ಲಿ ಬೆವರು ಆರದೆ ದೇಹ ತಂಪಾಗುವುದು ನಿಧಾನವಾಗುತ್ತದೆ. ಒಳನಾಡಿನಲ್ಲಿ ಸಾಧ್ಯವಾಗಿದ್ದ ವೇಗ ಇಲ್ಲಿ ಸಾಧ್ಯವಾಗದಿದ್ದರೆ ಅದಕ್ಕೆ ಅಭ್ಯಾಸದ ಕೊರತೆಯೇ ಕಾರಣವೆಂದು ತಿಳಿಯಬೇಕಿಲ್ಲ. ಅಂತಿಮ ಗೆರೆ ದಾಟಿದವರು ತಟ್ಟನೆ ನಿಲ್ಲದೆ ಕೆಲಕಾಲ ನಡೆದಾಡುವುದು ಒಳ್ಳೆಯದು.

ಅಪಾಯಗಳು

ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ಸಂಭವಿಸಿದ ಸಾವುಗಳು ಮತ್ತು ಹೃದಯಸ್ತಂಭನಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2017ರಲ್ಲಿ ‘ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ದಾಖಲಾದ 135 ಪ್ರಕರಣಗಳ ಪೈಕಿ 90 ಈಜಿನ ವೇಳೆಯಲ್ಲಿ ಸಂಭವಿಸಿದ್ದವು. ಬಾಧಿತರ ಸರಾಸರಿ ವಯಸ್ಸು ಸುಮಾರು 47 ವರ್ಷ. ಶೇಕಡಾ 85ರಷ್ಟು ಮಂದಿ ಪುರುಷರು. ಒಟ್ಟಾರೆ ಪ್ರಮಾಣವು ಒಂದು ಲಕ್ಷ ಸ್ಪರ್ಧಿಗಳಿಗೆ 1.74ರಷ್ಟಿದ್ದು, ಅಪಾಯ ವಿರಳವೆಂದೇ ಹೇಳಬೇಕು. ಗಮನಿಸಬೇಕಾದ ಅಂಶವೆಂದರೆ, ಕಿರು, ಮಧ್ಯಮ ಮತ್ತು ದೀರ್ಘ ದೂರದ ಸ್ಪರ್ಧೆಗಳ ನಡುವೆ ಈ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ದೂರ ಚಿಕ್ಕದಾದ ಮಾತ್ರಕ್ಕೆ ಸಿದ್ಧತೆಯೂ ಚಿಕ್ಕದಾಗಿರಬಹುದು ಎಂಬ ಊಹೆಗೆ ಇಲ್ಲಿ ಆಧಾರವಿಲ್ಲ. ಶವಪರೀಕ್ಷೆಯ ವಿವರ ದೊರೆತ 61 ಮಂದಿಯಲ್ಲಿ 27 ಮಂದಿಗೆ ಹೃದಯ ಅಥವಾ ರಕ್ತನಾಳಗಳ ದೋಷವಿದ್ದುದು ಕಂಡುಬಂದಿತು. ಮಧ್ಯವಯಸ್ಸಿನಲ್ಲಿ ಈ ಕ್ರೀಡೆಗೆ ಇಳಿಯುವವರು ಮುಂಚಿತವಾಗಿ ವೈದ್ಯರನ್ನು ಕಾಣಬೇಕೆಂಬ ಸಲಹೆ ಇಂಥ ಕಾರಣಗಳಿಂದ ಬಂದದ್ದು.

ಈಜುವಾಗ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವ ವಿರಳ ಸ್ಥಿತಿಯೂ ಒಂದಿದೆ. ಅತಿಯಾದ ಏದುಸಿರು, ಕೆಮ್ಮು ಮತ್ತು ಗುಲಾಬಿ ಬಣ್ಣದ ನೊರೆ ಅದರ ಲಕ್ಷಣಗಳು. ಅದನ್ನು ಗಾಬರಿಯೆಂದು ತಳ್ಳಿಹಾಕಿ ಈಜು ಮುಂದುವರಿಸುವುದು ಅಪಾಯಕರ. ತಕ್ಷಣ ನೀರಿನಿಂದ ಹೊರಬಂದು ವೈದ್ಯಕೀಯ ನೆರವು ಪಡೆಯಬೇಕು. ದಡದಿಂದ ಆಳದತ್ತ ರಭಸವಾಗಿ ಹರಿಯುವ ರಿಪ್ ಕರೆಂಟ್ ಎಂಬ ಸೆಳೆತಕ್ಕೆ ಸಿಲುಕಿದವರು ಅದಕ್ಕೆದುರಾಗಿ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ಜೆಲ್ಲಿ ಮೀನುಗಳ ಸ್ಪರ್ಶದಿಂದ ಉರಿ, ಬಾಸುಂಡೆಗಳು ಉಂಟಾಗಬಹುದು.

ಭಾರತ ಮತ್ತು ಕರ್ನಾಟಕ ಕರಾವಳಿ

ಭಾರತದಲ್ಲಿ ಹವ್ಯಾಸಿ ಟ್ರಯಥ್ಲಾನ್ ವ್ಯಾಪಕ ಗಮನ ಸೆಳೆಯಲು 2019ರ ಅಕ್ಟೋಬರಿನಲ್ಲಿ ಗೋವಾದ ಮಿರಾಮಾರ್ ಕಡಲತೀರದಲ್ಲಿ ನಡೆದ ಅರ್ಧದೂರದ ಐರನ್‌ಮ್ಯಾನ್ ಸ್ಪರ್ಧೆ ಒಂದು ಮುಖ್ಯ ಕಾರಣ. ಬೆಂಗಳೂರು ದಕ್ಷಿಣ ಕ್ಷೇತ್ರದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಗೋವಾದ ಈ ಸ್ಪರ್ಧೆಯನ್ನು ಪೂರ್ಣಗೊಳಿಸಿದ್ದು ಸುದ್ದಿಯಾಗಿತ್ತು. ಬೆಂಗಳೂರಿನ ಹವ್ಯಾಸಿಗಳಿಗೆ ಇರುವ ತೊಡಕು ಭೌಗೋಳಿಕವಾದದ್ದು: ಅತಿ ಹತ್ತಿರದ ಸಮುದ್ರವೇ ಸುಮಾರು ಮುನ್ನೂರು ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು ದೂರದಲ್ಲಿದೆ, ನಗರದ ಕೆರೆಗಳು ಈಜಲು ಯೋಗ್ಯವಲ್ಲ. ಹೀಗಾಗಿ ಸೈಕಲ್ ಮತ್ತು ಓಟದಲ್ಲಿ ಪಳಗಿದ್ದರೂ ಅಲೆಗಳ ಪರಿಚಯವಿಲ್ಲದೆ ಸ್ಪರ್ಧೆಗೆ ಬರುವವರು ಇರುತ್ತಾರೆ. ಸ್ಪರ್ಧೆಗೆ ಒಂದೆರಡು ದಿನ ಮೊದಲೇ ತಲುಪಿ, ಜೀವರಕ್ಷಕರಿರುವ ತೀರದಲ್ಲಿ ಜೊತೆಗಾರರೊಂದಿಗೆ ಈಜಿ ನೋಡುವುದು ಇದಕ್ಕೆ ಭಾಗಶಃ ಪರಿಹಾರ.

ಕರ್ನಾಟಕದ ಕರಾವಳಿಯಲ್ಲಿ ಸಮುದ್ರದ ಈಜಿಗೆ ಒಗ್ಗುವ ಕಾಲ ಮಳೆಗಾಲದ ನಂತರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದಿಂದ ಅರಬ್ಬೀ ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಮೀನುಗಳ ಸಂತಾನಾಭಿವೃದ್ಧಿಯ ದೃಷ್ಟಿಯಿಂದ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವೂ ಇದೆ. ಅಕ್ಟೋಬರ್ ಬಳಿಕ ಅಲೆಗಳು ತಗ್ಗುತ್ತವೆಯಾದರೂ ಒಂದೊಂದು ತೀರದ ಸ್ವಭಾವ ಒಂದೊಂದು ಬಗೆ. ಅಳಿವೆಗಳ ಸಮೀಪದಲ್ಲಿ ನದಿಯ ನೀರು ಮತ್ತು ಇಳಿತದ ಸೆಳೆತ ಸೇರಿ ಪ್ರವಾಹ ಬಲವಾಗಿರುತ್ತದೆ. ಯಾವ ಹೊತ್ತಿಗೆ ಎಲ್ಲಿ ನೀರಿಗಿಳಿಯಬಹುದು ಎಂಬುದನ್ನು ಸ್ಥಳೀಯ ಮೀನುಗಾರರು ಮತ್ತು ಜೀವರಕ್ಷಕರಿಂದ ಕೇಳಿ ತಿಳಿಯುವುದು ಉತ್ತಮ. ಸೈಕಲ್ ಭಾಗದ ಮಟ್ಟಿಗೆ, ಕರಾವಳಿಯುದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಲಾರಿ, ಬಸ್ಸುಗಳ ಸಂಚಾರ ದಟ್ಟವಾಗಿರುವುದರಿಂದ ಅಭ್ಯಾಸಕ್ಕೂ ಸ್ಪರ್ಧೆಗೂ ತೀರಕ್ಕೆ ಹತ್ತಿರದ ಒಳರಸ್ತೆಗಳು ಹೆಚ್ಚು ಸೂಕ್ತ.