ನಮ್ಮ ಅಂಗಡಿ: ಬ್ಯಾಡಗಿ ಪೇಟೆಯ ಗಿರಾಕಿ ಋಣ

ಟವಲಿನ ಕೆಳಗೆ ಬೆರಳು ಹಿಡಿದು ಧಾರಣೆ ಕಟ್ಟುವ ಪದ್ಧತಿ ನಮ್ಮ ಪೇಟೆಗಳಲ್ಲಿ ಬಹಳ ಕಾಲ ಇತ್ತು. ದಲಾಲನ ಕೈ ಒಳಗೆ, ಖರೀದಿದಾರನ ಕೈ ಒಳಗೆ. ಮಾಲು ತಂದ ರೈತ ಮಾತ್ರ ಹೊರಗೆ. ಎಷ್ಟು ಬೆರಳು ಒತ್ತಿದರು ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ಹಾಗಿದ್ದರೂ ಮರುವರ್ಷ ಅವನ ಚಕ್ಕಡಿ ಅದೇ ಅಂಗಡಿಯ ಮುಂದೆ ಬಂದು ನಿಲ್ಲುತ್ತಿತ್ತು. ಇದನ್ನು ನಂಬಿಕೆ ಎನ್ನಬೇಕೋ, ನಿರುಪಾಯ ಎನ್ನಬೇಕೋ?

ಬಹುಮಟ್ಟಿಗೆ ನಿರುಪಾಯವೇ ಎಂದು ನನಗನಿಸುತ್ತದೆ. ಬಿತ್ತನೆಗೆ, ಮಗಳ ಮದುವೆಗೆ, ಎತ್ತು ಸತ್ತರೆ ಹೊಸ ಎತ್ತಿಗೆ ದಲಾಲಿ ಅಂಗಡಿಯಿಂದಲೇ ಮುಂಗಡ ಬರುತ್ತಿತ್ತು. ಮುಂಗಡ ತಿಂದವನ ಮಾಲು ಬೇರೆ ಅಂಗಡಿಗೆ ಹೋಗುವಂತಿರಲಿಲ್ಲ. 1928ರಲ್ಲಿ ಕೃಷಿ ಕುರಿತ ರಾಯಲ್ ಕಮಿಷನ್ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. ಧಾರವಾಡ ಜಿಲ್ಲೆ ಆಗ ಸೇರಿದ್ದ ಮುಂಬೈ ಪ್ರಾಂತ್ಯ 1939ರಲ್ಲಿ ಕಾಯ್ದೆ ಮಾಡಿತು. ಏಕೀಕರಣದ ನಂತರ ಬಂದ ನಮ್ಮ ರಾಜ್ಯದ ಕಾಯ್ದೆ 1966ರದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಕಾಯ್ದೆ ಟವಲನ್ನು ತೆಗೆಯಿತು, ಕಂಪ್ಯೂಟರು ಬೆರಳನ್ನೂ ತೆಗೆಯಿತು. ಈಗ ಬ್ಯಾಡಗಿಯಲ್ಲಿ ಇ-ಟೆಂಡರ್. ಸೋಮವಾರ, ಗುರುವಾರ ಪೇಟೆ. ಸುಗ್ಗಿಯಲ್ಲಿ ಒಂದೇ ದಿನ ಲಕ್ಷ ದಾಟಿ ಚೀಲ ಬರುತ್ತದೆ. ಯಾವ ಅಂಗಡಿಯ ಮುಂದೆ ರಾಶಿ ಸುರಿದರೂ ನೋಡುವ ವರ್ತಕರು ಅವರೇ, ಧಾರಣೆ ಬರೆಯುವವರೂ ಅವರೇ. ಹಾಗಾದರೆ ಅಂಗಡಿ ಯಾವುದಾದರೇನು? ಆದರೆ ರೈತನನ್ನು ಕೇಳಿದರೆ ಇಂದಿಗೂ ಬರುವ ಉತ್ತರ, "ನಮ್ಮ ಅಂಗಡಿಗೆ ಹಾಕೀನ್ರಿ." ಅಂಗಡಿ ದಲಾಲನದು, "ನಮ್ಮ" ಎನ್ನುವವನು ರೈತ.

ಆ "ನಮ್ಮ"ದ ಹಿಂದಿನ ಲೆಕ್ಕ ಸರಳ. ಅಂದೇ ತೂಕ, ಅಂದೇ ಪಟ್ಟಿ, ಬೇಗ ದುಡ್ಡು. ಈ ಹೆಸರಿನಿಂದಲೇ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯ ಲಾರಿಗಳು ಹತ್ತಿರದ ಪೇಟೆಗಳನ್ನು ಬಿಟ್ಟು ಇಲ್ಲಿಗೆ ಬಂದವು. ಯಾರ್ಡಿನಲ್ಲಿ ತೆಲುಗು ಕಿವಿಗೆ ಬೀಳುವುದು ಇವತ್ತು ಯಾರಿಗೂ ಹೊಸದಲ್ಲ. ಇದರ ಮೇಲೆ ಕಾಯಿಯ ಹೆಸರು. ಕಡ್ಡಿ ಉದ್ದ, ಸಪೂರ, ಸುಕ್ಕು ಸುಕ್ಕು. ಡಬ್ಬಿ ಗಿಡ್ಡ, ದಪ್ಪ, ಬಣ್ಣದಲ್ಲಿ ಇದರದೇ ಮೇಲುಗೈ. ಎರಡರಲ್ಲೂ ಖಾರ ಕಡಿಮೆ. ಕೇರಳದ ಓಲಿಯೊರೆಸಿನ್ ಕಾರ್ಖಾನೆಗಳಿಗೆ ಬೇಕಾದದ್ದು ಈ ಬಣ್ಣವೇ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಗುವ ಎಷ್ಟೋ ಮುಂಚೆಯೇ ಅಡುಗೆಮನೆಯ ಗಿರಾಕಿ "ಬ್ಯಾಡಗಿ ಕೊಡ್ರಿ" ಎಂದು ಊರ ಹೆಸರು ಹಿಡಿದು ಕೇಳುತ್ತಿದ್ದ.

ಮೆಣಸಿನಕಾಯಿಯನ್ನು ಕಣ್ಣಿನಿಂದ ನೋಡಿ, ಕೈಯಲ್ಲಿ ಮುರಿದು ಕೊಳ್ಳಬಹುದು. ರಾಣೆಬೆನ್ನೂರಿನ ಪೇಟೆಯಲ್ಲಿ ಮಾರುವ ಬೀಜಕ್ಕೆ ಅಂಥ ಪರೀಕ್ಷೆ ಇಲ್ಲ. ಈ ತಾಲೂಕಿನ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸಿ ಹೈಬ್ರಿಡ್ ಬೀಜ ಬೆಳೆಯುತ್ತಾರೆ, ಮಾಡುವವರು ಬಹುತೇಕ ಹೆಂಗಸರು. ಕೊಂಡ ರೈತನಿಗೆ ಅದು ಸಾಚಾ ಎಂದು ತಿಳಿಯುವುದು ತಿಂಗಳುಗಳ ಮೇಲೆ, ಆ ಹೊತ್ತಿಗೆ ಹಂಗಾಮು ಮುಗಿದಿರುತ್ತದೆ. ಅದಕ್ಕೇ ಬೀಜದ ಅಂಗಡಿಯವ ಕೊಡುವ ಸಲಹೆಗೆ ಪೊಟ್ಟಣದಷ್ಟೇ ಬೆಲೆ. ಒಂದು ಸಲ ಬೀಜ ಹುಸಿಯಾದರೆ ಊರಿಗೆ ಊರೇ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಹಾವೇರಿಯದು ಬೇರೆಯೇ ಕತೆ. ಮಲೆನಾಡಿನ ಏಲಕ್ಕಿ ಒಂದು ಕಾಲಕ್ಕೆ ಇಲ್ಲಿಗೆ ಬಂದು, ಇಲ್ಲಿನ ಬಾವಿ ನೀರಿನಲ್ಲಿ ತೊಳೆದು ಬಿಳುಪಾಗಿ ಮುಂದಿನ ಪೇಟೆಗಳಿಗೆ ಹೋಗುತ್ತಿತ್ತು. ಆ ವ್ಯಾಪಾರ ಕರಗಿತು. ಉಳಿದದ್ದು ಏಲಕ್ಕಿ ಹಾರ, ಪಟವೇಗಾರರ ಕೈಕಸುಬು. ಹಾರ ವರ್ಷಗಟ್ಟಲೆ ಕೆಡುವುದಿಲ್ಲ. ಕೊಂಡವನು ಮತ್ತೆ ಬೇಗ ಬರಬೇಕಿಲ್ಲ. ಇಲ್ಲಿ ಗಿರಾಕಿಯನ್ನು ಕರೆತರುವುದು ಹಾರ ಹಾಕಿಸಿಕೊಂಡವನ ಕೊರಳು. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಊರಿನ ಗುರುತಾಗಿ ಜನ ನೆನೆದದ್ದೂ ಇದನ್ನೇ.

ಬ್ಯಾಡಗಿಗೆ ಮರಳೋಣ. 2024ರ ಮಾರ್ಚ್ 11, ಸೋಮವಾರ. ಧಾರಣೆ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಬೆಂಕಿ ಹಚ್ಚಿದ್ದು ತಪ್ಪೇ. ಆದರೆ ಆ ಸಿಟ್ಟು ಹೊಸಬರದಾಗಿರಲಿಲ್ಲ. ನೂರಾರು ಕಿಲೋಮೀಟರ್ ದೂರದಿಂದ ಈ ಪೇಟೆಯನ್ನೇ ನಂಬಿ ಬಂದವರದು. ದಾರಿಹೋಕ ಗಿರಾಕಿ ಧಾರಣೆ ಒಪ್ಪದಿದ್ದರೆ ಎದ್ದು ಹೋಗುತ್ತಾನೆ, ಕಲ್ಲೆತ್ತುವಷ್ಟು ಸಿಟ್ಟು ಅವನಿಗೆ ಎಲ್ಲಿಂದ ಬರಬೇಕು?

ಪೇಟೆ ಮತ್ತೆ ತೆರೆಯಿತು, ಚೀಲಗಳು ಮತ್ತೆ ಬಂದವು. ಧಾರಣೆ ಒಪ್ಪದವರು ಈಗ ಊರ ಸುತ್ತಲಿನ ಕೋಲ್ಡ್ ಸ್ಟೋರೇಜಿಗೆ ಮಾಲು ಹಾಕಿ ಕಾಯುತ್ತಾರೆ. ಬಾಡಿಗೆ ಏರುತ್ತದೆ, ಮನೆಯ ಖರ್ಚು ನಿಲ್ಲುವುದಿಲ್ಲ. ಮಾಲಿಟ್ಟ ಚೀಟಿಯ ಮೇಲೆ ಸಾಲ ಸಿಗುತ್ತದೆ. ಅಷ್ಟರಲ್ಲಿ ಮುಂದಿನ ಬಿತ್ತನೆ ಬಂದಿರುತ್ತದೆ. ಕೈಯಲ್ಲಿ ಚೀಟಿ ಹಿಡಿದ ರೈತ ಬಂದು ನಿಲ್ಲುವುದು, ಮತ್ತೆ, ನಮ್ಮ ಅಂಗಡಿಯ ಕಟ್ಟೆಗೆ.