ಹುಂಜದ ಕಾಸು

ಚಾಂಗಿ ಬಿಸಿನೆಸ್ ಪಾರ್ಕ್‌ನ ಬ್ಯಾಂಕ್ ಕಟ್ಟಡಗಳಲ್ಲಿ ನಮ್ಮ ಶಾಲೆಯ ಎಷ್ಟೋ ಮಕ್ಕಳ ಅಪ್ಪ ಅಮ್ಮಂದಿರು ಕೆಲಸ ಮಾಡುತ್ತಾರೆ. ಮಧ್ಯಾಹ್ನ ಅಲ್ಲಿ ಊಟಕ್ಕೆ ಹೋದರೆ ಹೆಚ್ಚಿನವರು ಫೋನಿನಲ್ಲೇ ದುಡ್ಡು ಕೊಡುತ್ತಾರೆ, ಚಿಲ್ಲರೆಯ ಮಾತೇ ಬರುವುದಿಲ್ಲ. ಇದೇ ಸಿಂಗಪುರದಲ್ಲಿ ಒಂದು ಕಾಲಕ್ಕೆ ಚಿಲ್ಲರೆ ಸಾಲದೆ ವರ್ತಕರೇ ಕಾಸು ಮಾಡಿಸಿ ತಂದಿದ್ದರು. ನಾನು ಸಂಗ್ರಹಿಸುತ್ತಿರುವುದು ಅವನ್ನೇ.

1819ರಲ್ಲಿ ಬ್ರಿಟಿಷರು ಇಲ್ಲಿ ನೆಲೆಯೂರಿದ ಮೇಲೆ ದೊಡ್ಡ ವ್ಯಾಪಾರ ಸ್ಪ್ಯಾನಿಷ್ ಬೆಳ್ಳಿ ಡಾಲರಿನಲ್ಲಿ ನಡೆಯುತ್ತಿತ್ತು. ಒಂದು ಮೀನು ಕೊಳ್ಳುವವರು ಡಾಲರ್ ಕೊಟ್ಟು ಚಿಲ್ಲರೆ ಎಲ್ಲಿ ಕೇಳಬೇಕು? ಡಚ್ಚರ ತಾಮ್ರದ ಕಾಸು ಓಡಾಡುತ್ತಿದ್ದರೂ ಸಾಲುತ್ತಿರಲಿಲ್ಲ. ಆಗ ವರ್ತಕರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಾಮ್ರದ ಟೋಕನ್ ಅಚ್ಚು ಹಾಕಿಸಿ ಹಡಗಿನಲ್ಲಿ ತರಿಸಿದರು. ಒಂದು ಬದಿಯಲ್ಲಿ ಹುಂಜ, ಅದರ ಜೊತೆ ಜಾವಿ ಲಿಪಿಯಲ್ಲಿ ‘ತಾನಾ ಮಲಾಯು’, ಅಂದರೆ ಮಲಯರ ನಾಡು. ಇನ್ನೊಂದು ಬದಿಯಲ್ಲಿ ‘ಸಾತು ಕೆಪಿಂಗ್’, ಅಂದರೆ ಒಂದು ಕಾಸು, ಮತ್ತು ಹಿಜರಿ ವರ್ಷ 1247. ನಮ್ಮ ಲೆಕ್ಕದಲ್ಲಿ ಅದು 1831–32. ಇದನ್ನು ಬರೀ ಉಪಕಾರ ಎಂದುಕೊಳ್ಳಬೇಡಿ. ತಾಮ್ರಕ್ಕೆ ಬಿದ್ದ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಕಾಸು ನಡೆದರೆ ಮಿಕ್ಕಿದ್ದು ವರ್ತಕರ ಲಾಭ.

ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲೂ ಇಂಥದ್ದೇ ಆಯಿತು. 1837ರ ಮೇ 10ರಂದು ನ್ಯೂಯಾರ್ಕ್ ಬ್ಯಾಂಕುಗಳು ನೋಟಿಗೆ ಚಿನ್ನ ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. ಜನ ನಾಣ್ಯ ಬಚ್ಚಿಟ್ಟರು. ಖಾಸಗಿಯವರು ಸೆಂಟಿನಷ್ಟೇ ದೊಡ್ಡ ತಾಮ್ರದ ಬಿಲ್ಲೆ ಹೊರಡಿಸಿದರು. ಕೆಲವದರ ಮೇಲೆ ದೊಡ್ಡಕ್ಷರದಲ್ಲಿ ‘ಒಂದು ಸೆಂಟೂ ಅಲ್ಲ’, ಕೆಳಗೆ ಸಣ್ಣದಾಗಿ ‘ಕಪ್ಪಕ್ಕಾಗಿ’ ಎಂದಿತ್ತು. ದೂರದಿಂದ ನೋಡಿದರೆ ಸೆಂಟ್, ಓದಿದರೆ ಸೆಂಟ್ ಅಲ್ಲ! ಖೋಟಾ ನಾಣ್ಯದ ಆರೋಪ ಬಂದರೆ ಜಾರಿಕೊಳ್ಳಲು ಒಳ್ಳೆಯ ಉಪಾಯ. ಇನ್ನು ಕೆಲವದರ ಮೇಲೆ ಅಂಗಡಿಯ ಹೆಸರು, ವಿಳಾಸ ಇರುತ್ತಿತ್ತು. ನನಗೆ ಇವೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತವೆ, ಏಕೆಂದರೆ ಹೋಗಿ ಕೇಳಲು ಒಬ್ಬರಾದರೂ ಇದ್ದಾರೆ. ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟರೆ ಇಳಿಯುವ ಮುಂಚೆ ಅವರನ್ನೇ ಕೇಳಬಹುದಲ್ಲ, ಹಾಗೆ.

ಹುಂಜದ ಕಾಸಿನ ಮೇಲೆ ರಾಜನ ಹೆಸರೂ ಇಲ್ಲ, ವರ್ತಕನ ಹೆಸರೂ ಇಲ್ಲ. ಮುಂದೆ ಈಸ್ಟ್ ಇಂಡಿಯಾ ಕಂಪನಿ 1845ನೇ ಇಸವಿ ಹಾಕಿ ತನ್ನದೇ ಸೆಂಟ್, ಅರ್ಧ ಸೆಂಟ್, ಕಾಲು ಸೆಂಟ್ ಹೊರಡಿಸಿತು. ಕೂಲಿ ಮಾಡಿ ಹಿಡಿ ತುಂಬ ಹುಂಜ ಕೂಡಿಟ್ಟವರು ‘ಬದಲಾಯಿಸಿ ಕೊಡಿ’ ಎಂದು ಯಾರ ಬಾಗಿಲಿಗೆ ಹೋಗಬೇಕಿತ್ತು?

ನನ್ನ ಬಳಿಯ ಒಂದು ಹುಂಜದ ಜುಟ್ಟು ಪೂರ್ತಿ ಸವೆದಿದೆ. ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿಕೊಡುತ್ತೇನೆ ಎಂದರು, ನಾನು ಬಿಡಲಿಲ್ಲ. ಊರಿನಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ ತಾಮ್ರದ ಹಳೆಯ ಕಾಸು ಸಿಕ್ಕರೆ ನೀವೂ ದಯವಿಟ್ಟು ತಿಕ್ಕಬೇಡಿ, ಮೇಲಿನ ಅಕ್ಷರ ಇನ್ನಷ್ಟು ಸವೆದುಹೋಗುತ್ತದೆ.