ಮೊಬೈಲ್ ಯಾರ ಕೈಯಲ್ಲಿ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ದುಡಿಯುವ ಪೋಷಕರು ಮತ್ತು ಆನ್‌ಲೈನ್ ಪಾಠ

ಆನ್‌ಲೈನ್ ಶಿಕ್ಷಣದ ಚರ್ಚೆ ಬಹುಮಟ್ಟಿಗೆ ಮನೆಯಲ್ಲಿ ಮೊಬೈಲ್ ಇದೆಯೇ, ನೆಟ್‌ವರ್ಕ್ ಸಿಗುತ್ತದೆಯೇ ಎಂಬಲ್ಲಿಗೇ ನಿಂತುಬಿಡುತ್ತದೆ. ಪಾಠದ ಹೊತ್ತಿಗೆ ಆ ಮೊಬೈಲ್ ಯಾರ ಜೇಬಿನಲ್ಲಿರುತ್ತದೆ, ಮಗುವಿನ ಪಕ್ಕ ಕೂರುವವರು ಯಾವ ಕೆಲಸ ಬಿಟ್ಟು ಕೂರಬೇಕು ಎಂದು ಕೇಳಿದವರು ಕಡಿಮೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ನಿರ್ಣಾಯಕವಾದದ್ದು ಈ ಎರಡನೆಯ ಪ್ರಶ್ನೆ ಎಂಬುದು ಇಲ್ಲಿನ ವಾದ.

ಕೋವಿಡ್ ಕಾಲದಲ್ಲಿ ಸಣ್ಣ ಮಕ್ಕಳ ಆನ್‌ಲೈನ್ ತರಗತಿಗಳಿಗೆ ರಾಜ್ಯ ಸರಕಾರ ಹಾಕಿದ ನಿರ್ಬಂಧವನ್ನು ಹೈಕೋರ್ಟ್ 2020ರ ಜುಲೈ 8ರಂದು ತಡೆಹಿಡಿಯಿತು. ಸಂವಿಧಾನದ 21 ಮತ್ತು 21ಎ ವಿಧಿಗಳು ಅದಕ್ಕೆ ಆಧಾರವಾದವು. ಹಕ್ಕು ಉಳಿಯಿತು, ಸರಿ. ಆದರೆ ಗ್ರಾಮೀಣ ಶಿಕ್ಷಣದ ಸ್ಥಿತಿಗತಿ ಅಳೆಯುವ 'ಅಸರ್' ಸಮೀಕ್ಷೆಯ 2021ರ ವರದಿಯಂತೆ ಗ್ರಾಮೀಣ ಭಾರತದ ಶಾಲಾ ಮಕ್ಕಳಲ್ಲಿ ಶೇ. 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೂ, ಆ ಮಕ್ಕಳಲ್ಲೇ ಶೇ. 26.1ರಷ್ಟು ಮಂದಿಗೆ ಅದು ಕೈಗೆ ಸಿಗುತ್ತಿರಲಿಲ್ಲ. ಗಾರೆ ಕೆಲಸಕ್ಕೋ ರಿಕ್ಷಾ ಸ್ಟ್ಯಾಂಡಿಗೋ ಹೊರಟ ಅಪ್ಪನ ಜತೆ ಮೊಬೈಲೂ ಹೊರಡುತ್ತದೆ. ಬಾಡಿಗೆ ಕರೆ ಬರುವುದೂ ಅದಕ್ಕೇ ತಾನೆ!

ಅಮ್ಮ ಮನೆಯಲ್ಲೇ ಇದ್ದಾಳಲ್ಲ ಎನ್ನುವವರು ಬೀಡಿ ಕಟ್ಟುವ ಮನೆಗಳನ್ನು ನೋಡಬೇಕು. ಇಲ್ಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಮಜೂರಿ. ಬೀಡಿ ಕಂಪೆನಿಯ ಬ್ರಾಂಚಿನಿಂದ ತಂದ ಎಲೆ ನೆನೆಸಿ, ಕತ್ತರಿಸಿ, ತಡ್ಪೆ (ಮೊರ) ಮಡಿಲಲ್ಲಿಟ್ಟು ಕೂತವಳ ಎರಡು ಕೈಗೂ ಬಿಡುವಿಲ್ಲ. ಮಗುವಿನ ವೀಡಿಯೋ ನಿಂತಾಗಲೆಲ್ಲ ಅವಳ ಕೈಯೂ ನಿಂತರೆ, ಆ ನಷ್ಟ ಸಂಜೆ ಬ್ರಾಂಚಿನ ಲೆಕ್ಕದಲ್ಲಿ ಕಾಣುತ್ತದೆ. ಮನೆಯಲ್ಲಿ ಬೀಡಿ ಕಟ್ಟುವವರೂ ಕಾರ್ಮಿಕರೇ ಎಂದು ಕಾನೂನು 1966ರಲ್ಲೇ ಒಪ್ಪಿತು. ಶಾಲೆಯ ವೇಳಾಪಟ್ಟಿ ಇನ್ನೂ ಒಪ್ಪಿದಂತಿಲ್ಲ. ಇದರ ಜತೆಗೆ ಭಾಷೆಯ ತೊಡಕು: ಮನೆಮಾತು ತುಳುವೋ ಬ್ಯಾರಿಯೋ, ಓದು ಕನ್ನಡದ್ದು, ಆ್ಯಪಿನ ಸೂಚನೆ ಇಂಗ್ಲಿಷಿನದು. ಹೀಗಿರುವಾಗ ಮಗುವಿನ ಪಕ್ಕ ಕೂರಲಾಗದ್ದನ್ನು ಪೋಷಕರ ನಿರಾಸಕ್ತಿ ಎಂದು ಬರೆದುಕೊಳ್ಳುವುದು ಅನ್ಯಾಯ.

ಬೆಳ್ತಂಗಡಿಯ ಘಟ್ಟದಡಿಯ ಊರುಗಳಲ್ಲಿ ಮಳೆಗಾಲದ ಕರೆಂಟಿನ ಪಾಡು ಬೇರೆಯೇ. ಅಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೋಗುವವರು ನಸುಕಿಗೇ ಮನೆ ಬಿಡುತ್ತಾರೆ. ಅವರಿಗೆ ಮಧ್ಯಾಹ್ನದ ಪಾಠವಾದರೆ ಅನುಕೂಲ. ವಸತಿ ಕಾಲೇಜುಗಳಿಗೆ ಹೆಸರಾದ ಮೂಡುಬಿದಿರೆಯಲ್ಲಿ ಹಾಸ್ಟೆಲ್ ಮಕ್ಕಳ ಓದಿನ ಹೊತ್ತನ್ನು ಸಂಸ್ಥೆಯೇ ನೋಡಿಕೊಳ್ಳುತ್ತದೆ. ಪಕ್ಕದ ಹಳ್ಳಿಯ ಸರಕಾರಿ ಶಾಲೆಯ ಮಗುವಿಗೆ ಆ ಹೊಣೆ ಹೊರುವವರು ದುಡಿದು ಬಂದ ತಂದೆತಾಯಿ.

2020ರ ಜುಲೈ 20ರಂದು ಚಂದನ ವಾಹಿನಿಯಲ್ಲಿ ಆರಂಭವಾದ 'ಸಂವೇದ' ಪಾಠಗಳಿಗೆ ಅಪ್ಪನ ಮೊಬೈಲ್ ಬೇಕಿರಲಿಲ್ಲ, ಆದರೆ ಕರೆಂಟ್ ಬೇಕಿತ್ತು. ಆಗಸ್ಟಿನಲ್ಲಿ ಬಂದ 'ವಿದ್ಯಾಗಮ'ದಲ್ಲಿ ಶಿಕ್ಷಕರೇ ವಠಾರಗಳಿಗೆ ನಡೆದುಬಂದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಪೋಷಕರ ದುಡಿಮೆಯ ಹೊತ್ತನ್ನು ಕಸಿಯದ ಪ್ರಯೋಗ ಎಂಬ ಕಾರಣಕ್ಕೆ, ನನ್ನ ಮಟ್ಟಿಗೆ ಆ ಕಾಲದ ಅತ್ಯುತ್ತಮ ವ್ಯವಸ್ಥೆ ಅದೇ.

ಕೋವಿಡ್ ಕಾಲ ಮುಗಿದರೂ ಹೋಂವರ್ಕ್ ಈಗಲೂ ವಾಟ್ಸ್‌ಆ್ಯಪಿನಲ್ಲಿ ಬರುತ್ತದೆ. ಶಿಕ್ಷಣ ಇಲಾಖೆ ತನ್ನ ಮುಂದಿನ ಸಮೀಕ್ಷೆಯ ನಮೂನೆಯಲ್ಲಿ 'ಮೊಬೈಲ್ ಇದೆಯೇ' ಎಂಬುದರ ಕೆಳಗೆ 'ಹಗಲು ಅದು ಯಾರ ಬಳಿ ಇರುತ್ತದೆ' ಎಂಬ ಕಾಲಂ ಒಂದನ್ನೂ ಸೇರಿಸಲಿ.